ಮನೆತನದ ಹೆಸರಿಲ್ಲದ ಪ್ರಜೆ

1911ರ ಕ್ರಾಂತಿ ಚೀನದ ಮಂಚೂ ಅರಸೊತ್ತಿಗೆಯನ್ನು ಉರುಳಿಸಿತು. 1912ರ ಗಣರಾಜ್ಯ ಹಾನ್, ಮಂಚೂ, ಮಂಗೋಲ್, ಹುಯಿ ಮುಸ್ಲಿಂ, ಟಿಬೆಟನ್ ಜನಾಂಗಗಳೆಲ್ಲ ಒಂದೇ ರಾಷ್ಟ್ರವೆಂದು ಸಾರಿತು. ಇದರಿಂದ ಬಡವನಿಗೇನು ದಕ್ಕಿತು? ಲೂ ಶುನ್ 1921-22ರಲ್ಲಿ ಬರೆದ 'ಆಹ್ ಕ್ಯೂನ ನಿಜ ಕಥೆ'ಯ ಪ್ರಶ್ನೆ ಇದು.

ಕೂಲಿಯಾಳು ಆಹ್ ಕ್ಯೂ ತಾನೂ ಝಾವೋ ಮನೆತನದವನೆಂದಾಗ ಊರಿನ ಝಾವೋ ಧಣಿ ಅವನ ಕೆನ್ನೆಗೆ ಬಾರಿಸುತ್ತಾನೆ. ಪೆಟ್ಟು ತಿಂದಾಗಲೆಲ್ಲ ಅವನು ಮನಸ್ಸಿನಲ್ಲೇ ಗೆದ್ದೆನೆಂದು ಬೀಗುತ್ತಾನೆ. ಈ ಹುಸಿ ಹೆಮ್ಮೆಯನ್ನೇ ವಿಮರ್ಶಕರು ಸೋತ ಚೀನದ ರೋಗವೆಂದರು. ನಿಜ, ಆದರೆ ಧಣಿಯ ಆ ಏಟನ್ನು ಮರೆಯಬಾರದು.

ಕ್ರಾಂತಿ ಬಂದರೂ ಹಳೆಯ ಅಧಿಕಾರಿಗಳೇ ಹೊಸ ಪದವಿಗಳಲ್ಲಿ ಉಳಿಯುತ್ತಾರೆ. ಕ್ರಾಂತಿಗೆ ಸೇರಬಯಸಿದ ಆಹ್ ಕ್ಯೂನನ್ನು ಹೊರದಬ್ಬುತ್ತಾರೆ. ಕೊನೆಗೆ ಝಾವೋ ಮನೆಯಲ್ಲಿ ನಡೆದ, ಅವನು ಮಾಡದ ದರೋಡೆಗಾಗಿ ಗುಂಡಿಕ್ಕುತ್ತಾರೆ. ಮನೆತನದ ಹೆಸರನ್ನೇ ಕೊಡದ ಸಮಾಜ ರಾಷ್ಟ್ರದ ಹೆಸರು ಕೊಟ್ಟೀತೆ?