ರಾಮಿಯನ್ನು ಯಾರೂ ಕರೆಯಲಿಲ್ಲ

ಅರಕಲಗೂಡು ಕಡೆ ಹಳ್ಳಿಗಳಲ್ಲಿ ‘ಹವ್ಯಾಸ’ ಅಂತ ಯಾರೂ ಅಂತಿರಲಿಲ್ಲ, ‘ಹುಚ್ಚು’ ಅಂತಿದ್ರು. ಕುರುಕ್ಷೇತ್ರ ನಾಟಕದ ತಾಲೀಮು ಶುರುವಾಯ್ತು ಅಂದ್ರೆ ಗಂಡಸರು ತಿಂಗಳುಗಟ್ಟಲೆ ರಾತ್ರಿ ಹಾರ್ಮೋನಿಯಂ ಮೇಷ್ಟ್ರ ಮುಂದೆ. ಪಾರ್ಟಿಗೆ ಕೈಯಿಂದ ದುಡ್ಡು ಬೇರೆ ಕಟ್ಟಬೇಕು. ಮನೇಲಿ ಹೆಂಗಸರು ಮುದ್ದೆ ಮುಚ್ಚಿಟ್ಟು ಕಾಯೋರು. ನಾಟಕದ ದಿನ ಹಾರ ಬೀಳೋದು ಮಾತ್ರ ದುರ್ಯೋಧನನ ಕೊರಳಿಗೆ. ನಮ್ಮ ತಲೆಮಾರಿಗೆ ಆ ಜಾಗದಲ್ಲಿ ಕ್ಯಾಮೆರಾ, ಟ್ರೆಕ್ಕಿಂಗು, ಮೀನಿನ ಗಾಳ ಬಂದಿವೆ. ಮೇಷ್ಟ್ರ ಜಾಗದಲ್ಲಿ ಪೂರ್ಣಚಂದ್ರ ತೇಜಸ್ವಿ.

ತೇಜಸ್ವಿಯವರ ‘ಕರ್ವಾಲೋ’ (1980) ನನಗೂ ಇಷ್ಟ. ಆದರೆ ಮದುವೆಯಾದ ಮೇಲೆ ಓದಿದರೆ ಅದು ಬೇರೆಯದೇ ಕಾದಂಬರಿ. ಜೇನಿನ ಹಿಂದೆ ಅಲೆಯೋ ಮಂದಣ್ಣನಿಗೆ ಹೆಣ್ಣು ಸಿಗೋದು ಕಷ್ಟ, ಒಂದು ಪ್ಯೂನ್ ಕೆಲಸವಾದರೂ ಸಿಕ್ಕಿದರೆ ಕೊಟ್ಟಾರು ಅನ್ನೋ ಆಸೆ ಅವನಿಗೆ. ವಿಜ್ಞಾನಿ ಕರ್ವಾಲೋ ಸಾಹೇಬರೇ ಆ ಮದುವೆಗೆ ಓಡಾಡ್ತಾರೆ. ಅಷ್ಟೆಲ್ಲ ಆಗಿ ರಾಮಿ ಮನೆ ತುಂಬಿದ ಮೇಲೆ ಏನಾಗುತ್ತೆ? ಹಾರುವ ಓತಿ ಹುಡುಕೋಕೆ ಎಲ್ಲರೂ ಕಾಡಿಗೆ. ಬಿರಿಯಾನಿ ಕರಿಯಪ್ಪ, ಎಂಗ್ಟ, ಪ್ರಭಾಕರ, ಕೊನೆಗೆ ನಾಯಿ ಕಿವಿಗೂ ಆ ತಂಡದಲ್ಲಿ ಜಾಗ ಇದೆ. ರಾಮಿಗಿಲ್ಲ. ಅವಳು ಆ ದಿನಗಳನ್ನ ಹೇಗೆ ಕಳೆದಳು ಅಂತ ಕಾದಂಬರಿ ಕೇಳೋದೂ ಇಲ್ಲ. ವಿಸ್ಮಯಕ್ಕೆ ಅಷ್ಟು ದೊಡ್ಡ ಬಾಗಿಲು ತೆರೆದ ಪುಸ್ತಕ ಇಲ್ಲಿ ಕಣ್ಣು ಮುಚ್ಚಿಕೊಂಡಿದೆ ಅನ್ನೋದು ನನ್ನ ತಕರಾರು.

ತೇಜಸ್ವಿ 2007ರಲ್ಲಿ ತೀರಿಕೊಂಡ ಮೇಲೆ ರಾಜೇಶ್ವರಿ ತೇಜಸ್ವಿ ಬರೆದ ‘ನನ್ನ ತೇಜಸ್ವಿ’ ಮನೆಯಲ್ಲಿ ಉಳಿದವರ ಕಡೆಯ ಪುಸ್ತಕ. ತತ್ತ್ವಶಾಸ್ತ್ರದಲ್ಲಿ ಎಂ.ಎ. ಮಾಡಿದವರು, 1966ರಲ್ಲಿ ಮಂತ್ರಮಾಂಗಲ್ಯದ ಮದುವೆ, ಆಮೇಲೆ ಮೂಡಿಗೆರೆ ಕಡೆ ಕಾಫಿ ತೋಟ. ನಮ್ಮ ಹುಡುಗರು ಇದರಲ್ಲಿ ಮದುವೆಗೆ ಮುಂಚಿನ ಪತ್ರಗಳನ್ನ ಓದಿ, ಫೋಟೋ ತೆಗೆದು ಸ್ಟೇಟಸ್‌ಗೆ ಹಾಕ್ತಾರೆ. ತೋಟದ ಮನೆ ದಿನಾ ಹೇಗೆ ನಡೀತಿತ್ತು ಅನ್ನೋ ಪುಟಗಳನ್ನ ಹಾರಿಸ್ತಾರೆ. ಪುಸ್ತಕದ್ದೂ ಸ್ವಲ್ಪ ತಪ್ಪಿದೆ. ಹೋದವರ ಬಗ್ಗೆ ಬರೆಯುವಾಗ ಬರೋ ಮೃದುತ್ವ ಎಲ್ಲ ಕಡೆ ಹರಡಿದೆ, ಜಗಳ ಬರಬೇಕಾದಲ್ಲಿ ನಗು ಬಂದುಬಿಡುತ್ತೆ. ಇನ್ನೊಂದಿಷ್ಟು ಸಿಟ್ಟು ಇದ್ದಿದ್ದರೆ ಚೆನ್ನಾಗಿತ್ತು.

ಆದರೂ ಅದನ್ನ ಓದಿದರೆ ಒಂದು ವಿಷಯ ಗೊತ್ತಾಗುತ್ತೆ. ತೇಜಸ್ವಿ ಮೂಡಿಗೆರೆಗೆ ವೀಕೆಂಡ್ ಹೋಗಿ ಬರ್ತಿರಲಿಲ್ಲ. ಅವರ ಹಕ್ಕಿಗಳು ಮನೆ ಸುತ್ತಲೇ ಇದ್ದವು. ಅಡುಗೆಮನೆಯಲ್ಲಿದ್ದವರ ಕಿವಿಗೂ ಅದೇ ಹಕ್ಕಿ ಕೂಗು. ನಾವು ಅವರ ಗಾಳ, ಲೆನ್ಸು ತಗೊಂಡ್ವಿ, ವಿಳಾಸ ತಗೊಳ್ಳಲಿಲ್ಲ. ಐದು ದಿನ ಆಫೀಸಿಗೆ ಕೊಟ್ಟು, ಶುಕ್ರವಾರ ರಾತ್ರಿ ಗೊರೂರು ಹಿನ್ನೀರಿಗೋ ಬಿಸಿಲೆ ಕಾಡಿಗೋ ಗಾಡಿ ಬಿಟ್ಟು, ಭಾನುವಾರ ಕೆಸರು ಬಟ್ಟೆ ತಂದು ಮಷೀನ್ ಹತ್ರ ಹಾಕ್ತೀವಿ. ಕೇಳಿದರೆ ‘ತೇಜಸ್ವಿನೂ ಹಿಂಗೇ ಅಲ್ವಾ’ ಅಂತ ವಾದ ಬೇರೆ.

‘ಕರ್ವಾಲೋ’ವನ್ನು ರಾಮಿ ಹೇಳಿದ್ದರೆ ಕಥೆ ಎಲ್ಲಿಂದ ಶುರುವಾಗ್ತಿತ್ತು? ಬಹುಶಃ ಗಾಡಿ ತಿರುವಿನಲ್ಲಿ ಮರೆಯಾದ ಮೇಲೆ, ಹಿತ್ತಿಲಲ್ಲಿ ಮಂದಣ್ಣ ಬಿಟ್ಟುಹೋದ ಜೇನುಪೆಟ್ಟಿಗೆಗಳ ಹತ್ತಿರ.