ಹೆಸರು ಮರೆಸಿದ ಲ್ಯಾಪ್‌ಟಾಪು

ಟೀವಿ ಜಾಹೀರಾತಿಗೂ ವಿಮರ್ಶೆಯಾ ಅಂತ ವಾಚನಾಲಯದಲ್ಲಿ ಕೆಲವರು ನಕ್ಕರು. ವರ್ಷಕ್ಕೊಮ್ಮೆ ಆಡೋ ನಾಟಕದ ತಪ್ಪು ಎಣಿಸ್ತೀವಿ, ದಿನಕ್ಕೆ ಹತ್ತು ಸಲ ಮನೆಯೊಳಕ್ಕೆ ಬರೋದನ್ನ ಸುಮ್ಮನೆ ಬಿಡೋದು ಯಾವ ನ್ಯಾಯ?

ಪಾಠ ಹೇಳಿಕೊಡುವ ಒಂದು ಕಂಪೆನಿಯ ಜಾಹೀರಾತು ಅದು. ಹಳ್ಳಿ ಮನೆ, ಜಗಲಿ. ಅಪ್ಪ ಟೊಮೊಟೊ ಕ್ರೇಟು ಇಳಿಸ್ತಾನೆ, ಮಗಳು ತೊಡೆ ಮೇಲೆ ಲ್ಯಾಪ್‌ಟಾಪು ಇಟ್ಟುಕೊಂಡು ಓದ್ತಾಳೆ. ಕ್ರೇಟಿಗೆ ಒಂದು ಚೂರು ಮಣ್ಣು ಅಂಟಿಲ್ಲ, ಅದು ಹಾಗಿರಲಿ. ನನ್ನ ಮೊಮ್ಮಗಳು ಪ್ಲಸ್ ಟೂ ಮುಗಿಸಿದ್ದಾಳೆ. "ತಾತ, ನಂಗೂ ಅಂಥದ್ದೇ ಬೇಕು" ಅಂದಳು. ಯಾವುದಮ್ಮ ಅದು ಅಂದರೆ ಹೆಸರೇ ಇಲ್ಲ. ಮುಚ್ಚಳದ ಮೇಲೆ ಹೆಸರಿರಬೇಕಾದ ಜಾಗ ಬೋಳು. ಹೋರಿಕರ ಮಾರಿ ಕೊಡಿಸಬೇಕಾದವನು ನಾನು. ಯಾತಕ್ಕೆ ಮಾರ್ತಾ ಇದ್ದೀನಿ ಅಂತಾದರೂ ಗೊತ್ತಾಗಬೇಕಲ್ಲ.

ಹುಡುಕೋಕೆ ಕೂತೆವು. ಮೊಮ್ಮಗಳು ಧಾರಾವಾಹಿ ನಡುವೆ ಫೋನು ಹಿಡಿದು ಕಾದು, ನಾಲ್ಕನೇ ದಿನ ಒಂದು ಫೋಟೋ ತೆಗೆದಳು. ದನದ ಜಾತ್ರೆಯಲ್ಲಿ ಯಾರೂ ಎತ್ತಿನ ಮೇಲೆ ಹೆಸರು ಹುಡುಕಲ್ಲ. ಕೊಂಬು, ಮುಖ, ಗಂಗೆದೊಗಲು ನೋಡಿ ಹಳ್ಳಿಕಾರ್ ಅಂತೀವಿ. ಇದನ್ನೂ ಹಂಗೇ ನೋಡಿದೆವು. ಮೇಷ್ಟ್ರೊಬ್ಬರು ಗುರುತು ಹೇಳಿಕೊಟ್ಟರು. ಜಿ, ಎಚ್, ಬಿ ಕೀಗಳ ಸಂದಿನಲ್ಲಿ ಕೆಂಪು ಗುಂಡಿ ಇದ್ದರೆ ಥಿಂಕ್‌ಪ್ಯಾಡ್. 1992ರಲ್ಲಿ ಐಬಿಎಂನವರು ತಂದದ್ದು, 2005ರಲ್ಲಿ ಲೆನೊವೊ ಕೈಗೆ ಹೋಯಿತು. ಫೋಟೋದಲ್ಲಿ ಕೆಂಪು ಗುಂಡಿ ಇಲ್ಲ. ಆಪಲ್ ಕಂಪೆನಿಯದಾದರೆ ಕಿಟಕಿ ಚಿತ್ರದ ಕೀ ಇರೋಲ್ಲ. ಇದರಲ್ಲಿ ಮಸುಕಾಗಿ ಕಿಟಕಿ ಕಾಣುತ್ತೆ. ಬಲಗಡೆ ಅಂಕಿಗಳ ಕೀ ಬೇರೆಯಾಗಿವೆ, ಅಂದರೆ ದೊಡ್ಡ ಪರದೆಯದು. ಅಲ್ಲಿಂದಾಚೆಗೆ ಎಚ್‌ಪಿಯೋ ಏಸರೋ, ದಾರಿ ಮುಚ್ಚಿತು.

ಯಾಕೆ ಮರೆಸ್ತಾರೆ? ಇನ್ನೊಬ್ಬರ ಸರಕಿಗೆ ಪುಕ್ಕಟೆ ಪ್ರಚಾರ ಯಾಕೆ ಅಂತ. ಕೇಳದೆ ಗುರುತು ತೋರಿಸಿದರೆ ತಕರಾರು ಬಂದೀತು ಅಂತ. ತಮ್ಮದಾದರೆ ಉಲ್ಟಾ. ಟೈಟಾನ್ ಕಾರ್ಖಾನೆ ಇರೋ ಹೊಸೂರು ಸೀಮೆಯವರು ನಾವು, ನೋಡಿರ್ತೀವಿ: ಜಾಹೀರಾತಿನ ಗಡಿಯಾರದ ಮುಳ್ಳು ಹೆಚ್ಚಾಗಿ ಹತ್ತು ಗಂಟೆ ಹತ್ತು ನಿಮಿಷದ ಹತ್ತಿರವೇ ನಿಂತಿರುತ್ತೆ, ನಡುವೆ ಹೆಸರು ಕಾಣಲಿ ಅಂತ. 2011ರಲ್ಲಿ ಜಯಲಲಿತಾ ಅವರ ಸರ್ಕಾರ ಮಕ್ಕಳಿಗೆ ಹಂಚೋಕೆ ಶುರು ಮಾಡಿದ ಲ್ಯಾಪ್‌ಟಾಪಿನ ಮುಚ್ಚಳದ ಮೇಲೆ ಅವರದೇ ಚಿತ್ರ ಇತ್ತು. ಮಾಡಿದವರಿಗಿಂತ ಕೊಟ್ಟವರ ಗುರುತು ದೊಡ್ಡದು.

ನನಗೆ ಚುಚ್ಚಿದ್ದು ಬೇರೆ. ಆ ಜಾಹೀರಾತಿನ ಹಿಂದೆ ಕೇಳೋದು ರಾಗಿ ಬೀಸೋ ಪದದ ಧಾಟಿ. ನಮ್ಮವ್ವ ಕಲ್ಲಿನ ಮುಂದೆ ಕೂತು ಹಾಡ್ತಿದ್ದ ಧಾಟಿ. ಮಾತು ಮಾತ್ರ ಕಂಪೆನಿಯದು. ಬಸವಣ್ಣನವರ ವಚನಕ್ಕೆ ಕೂಡಲಸಂಗಮದೇವ ಅಂತ ಅಂಕಿತ ಇದೆ, ದಾಸರ ಪದಕ್ಕೆ ಪುರಂದರವಿಠಲ ಅಂತ ಇದೆ. ಬೀಸೋ ಪದಕ್ಕೆ ಅಂಕಿತ ಇಲ್ಲ. ಲ್ಯಾಪ್‌ಟಾಪಿಗೆ ಯಜಮಾನ ಇದ್ದಾನೆ ಅಂತ ಹೆದರಿ ಹೆಸರು ಮರೆಸಿದರು. ಪದಕ್ಕೆ ಕೇಳೋರಿಲ್ಲ ಅಂತ ಎತ್ತಿಕೊಂಡರು. ಎತ್ತಿಕೊಂಡವರು ನೆಟ್ಟಗಾದರೂ ಹಾಡಿದರಾ? ಬೀಸೋ ಪದದ ಸಾಲು ಕಲ್ಲು ಸುತ್ತೋ ಅಷ್ಟು ಉಸಿರು ಬೇಡುತ್ತೆ. ಅದನ್ನ ಮೊಟಕು ಮಾಡಿ ತಮಟೆ ಹಾಕಿದ್ದಾರೆ. ಬೀಸೋ ಕಲ್ಲಿನ ಪಕ್ಕ ತಮಟೆ ಎಲ್ಲಿಂದ ಬಂತು? ಹುಡುಗಿ ಅಭಿನಯ ಚೆನ್ನಾಗಿದೆ, ಅದನ್ನ ಒಪ್ತೀನಿ.

ಹೊಸೂರಿನ ಅಂಗಡಿಗೆ ಹೋಗಿ ಮುಟ್ಟಿ ನೋಡಿ ಆರಿಸೋಣ ಅಂತ ಮೊಮ್ಮಗಳಿಗೆ ಹೇಳಿದ್ದೀನಿ. ಹೋರಿಕರ ಇನ್ನೂ ಕೊಟ್ಟಿಗೆಯಲ್ಲೇ ಇದೆ.