‘ಪ್ರೈವೇಟ್’ ಎಂದು ಬರೆದರೆ ಭದ್ರವಾಯಿತೇ?

ಸಿ++ ಮತ್ತು ಜಾವಾ ಕಲಿಸುವ ಹಲವು ಪಠ್ಯಪುಸ್ತಕಗಳಲ್ಲಿ ಎರಡು ಮಾತುಗಳನ್ನು ನೀವು ಓದಿರುತ್ತೀರಿ. ದತ್ತಾಂಶ ಮತ್ತು ಅದನ್ನು ಬಳಸುವ ವಿಧಾನಗಳನ್ನು ಒಟ್ಟುಗೂಡಿಸಿದ ಘಟಕವೇ ಆಬ್ಜೆಕ್ಟ್ ಎಂಬುದು ಮೊದಲನೆಯದು. ದತ್ತಾಂಶವನ್ನು ‘ಪ್ರೈವೇಟ್’ ಎಂದು ಘೋಷಿಸಿದರೆ ಅದು ಸುರಕ್ಷಿತ ಎಂಬುದು ಎರಡನೆಯದು. ಮೊದಲನೆಯದು ಸರಿ, ಎರಡನೆಯದು ಅರ್ಧಸತ್ಯ.

ರಬಕವಿ-ಬನಹಟ್ಟಿ ತಾಲ್ಲೂಕಿನ ಚಿಮ್ಮಡದ ಒಂದು ಹೊಲದ ಉತಾರವನ್ನು, ಅಂದರೆ ಪಹಣಿಯನ್ನು, ಆಬ್ಜೆಕ್ಟ್ ಎಂದು ಭಾವಿಸಿ. ಅದರ 9ನೇ ಕಾಲಂನಲ್ಲಿ ಮಾಲೀಕರ ಹೆಸರು, 11ರಲ್ಲಿ ಸಾಲ ಮೊದಲಾದ ಋಣಗಳು. ಪ್ರೋಗ್ರಾಮ್ ಮುಗಿದ ಮೇಲೂ ಇದು ದಶಕಗಳ ಕಾಲ ಉಳಿಯಬೇಕು. ತಾಲ್ಲೂಕು ಕಚೇರಿ, ಉಪನೋಂದಣಿ ಕಚೇರಿ, ಬ್ಯಾಂಕು ಎಲ್ಲಕ್ಕೂ ದೊರೆಯಬೇಕು. ಆದರೆ ಅಧಿಕಾರವಿದ್ದವರು ಮಾತ್ರ ತಿದ್ದುವಂತಿರಬೇಕು.

ಇಲ್ಲಿ ‘ಪ್ರೈವೇಟ್’ ಎಷ್ಟು ದೂರ ಬರುತ್ತದೆ? ಈ ರಕ್ಷಣೆ ಆಕಸ್ಮಿಕ ತಪ್ಪಿಗೆ ತಡೆಯೇ ಹೊರತು ಉದ್ದೇಶಪೂರ್ವಕ ವಂಚನೆಗಲ್ಲ ಎಂದು ಸಿ++ ರೂಪಿಸಿದ ಬ್ಯಾರ್ನೆ ಸ್ಟ್ರೌಸ್ಟ್ರಪ್ ಅವರೇ ಸ್ಪಷ್ಟಪಡಿಸಿದ್ದಾರೆ. ಜಾವಾದ ಸೀರಿಯಲೈಸೇಷನ್ ಆಬ್ಜೆಕ್ಟನ್ನು ಕಡತಕ್ಕೆ ಬರೆಯುವಾಗ, ಬೇರೆ ಸೂಚನೆ ಇಲ್ಲದಿದ್ದರೆ, ‘ಪ್ರೈವೇಟ್’ ಅಂಶಗಳೂ ಬೈಟ್‌ಗಳಾಗಿ ಹೊರಬರುತ್ತವೆ. ಆ ಕಡತವನ್ನು ಇನ್ನೊಂದು ಪ್ರೋಗ್ರಾಮ್ ತಿದ್ದಿದರೆ ಕ್ಲಾಸ್‌ನ ವಿಧಾನಗಳು ಅಡ್ಡಬರುವುದಿಲ್ಲ. ಇಬ್ಬರು ಒಂದೇ ಉತಾರದ ಪ್ರತಿ ತೆಗೆದು, ಒಬ್ಬರು ವಾರಸುದಾರರ ಹೆಸರನ್ನೂ ಇನ್ನೊಬ್ಬರು ಸಾಲವನ್ನೂ ಸೇರಿಸಿ ಉಳಿಸಿದರೆ, ಕೊನೆಯಲ್ಲಿ ಉಳಿಸಿದವರದಷ್ಟೇ ನಿಲ್ಲುತ್ತದೆ.

ಸುಮಾರು 2 ಕೋಟಿ ಪಹಣಿಗಳನ್ನು ಗಣಕೀಕರಿಸಿದ ಕರ್ನಾಟಕದ ‘ಭೂಮಿ’ ಯೋಜನೆ ಈ ಕೆಲಸವನ್ನು ಭಾಷೆಯ ಮೇಲೆ ಹೊರಿಸಲಿಲ್ಲ. ದಾಖಲೆಗಳನ್ನು ಡೇಟಾಬೇಸ್‌ನಲ್ಲಿಟ್ಟು, ತಿದ್ದುವ ಸಿಬ್ಬಂದಿಯ ಬೆರಳಚ್ಚನ್ನು ಪಡೆದು, ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ವಿಲೇವಾರಿ ಮಾಡುವಂತೆ ತಂತ್ರಾಂಶವನ್ನು ರೂಪಿಸಿತು. ಇದು ಮೆಚ್ಚತಕ್ಕದ್ದು. ಆದರೆ ಯಾರು ತಿದ್ದಿದರು ಎಂಬುದನ್ನಷ್ಟೇ ಬೆರಳಚ್ಚು ಹೇಳುತ್ತದೆ. ತಿದ್ದಿದ್ದು ಸರಿಯೇ ಎಂಬುದನ್ನಲ್ಲ.

ರಕ್ಷಣೆಯನ್ನು ಆಬ್ಜೆಕ್ಟ್‌ಗೇ ಅಂಟಿಸುವ ಯತ್ನವೂ ಹಳೆಯದೇ. 1966ರಲ್ಲಿ ಡೆನಿಸ್ ಮತ್ತು ವ್ಯಾನ್ ಹಾರ್ನ್ ‘ಕೇಪಬಿಲಿಟಿ’ಯನ್ನು ವಿವರಿಸಿದರು. ಯಾವ ಆಬ್ಜೆಕ್ಟ್, ಅದರ ಮೇಲೆ ಏನು ಮಾಡಬಹುದು ಎಂಬೆರಡನ್ನೂ ಹೇಳುವ ಕೀಲಿ ಅದು. ಆದರೆ ಡಿಸ್ಕಿನಲ್ಲಿ ಉಳಿಯುವ ಕೀಲಿಯನ್ನು ನಕಲು ಮಾಡದಂತೆ ಕಾಯುವುದು ಹೇಗೆ? ಅಧಿಕಾರಿ ವರ್ಗವಾದಾಗ ಅವರು ಇತರರಿಗೆ ಹಂಚಿದ ಕೀಲಿಗಳನ್ನು ಹಿಂಪಡೆಯುವುದು ಹೇಗೆ? ನಿಜವಾದ ಸವಾಲು ಇಲ್ಲಿದೆ. ಪಠ್ಯಪುಸ್ತಕಗಳು ಸಾಮಾನ್ಯವಾಗಿ ಮೌನವಾಗಿರುವುದೂ ಇಲ್ಲೇ.

ಶಿಕ್ಷಕರು ಪ್ರಯೋಗಾಲಯದಲ್ಲಿ ಒಂದು ‘ಪ್ರೈವೇಟ್’ ಆಬ್ಜೆಕ್ಟನ್ನು ಕಡತಕ್ಕೆ ಬರೆಸಿ, ಇನ್ನೊಂದು ಪ್ರೋಗ್ರಾಮಿನಿಂದ ಅದನ್ನು ತಿದ್ದಿಸಲಿ. ಆಮೇಲೆ ‘ಸುರಕ್ಷಿತ’ ಎಂಬ ಪದ ಬಂದಾಗಲೆಲ್ಲ ವಿದ್ಯಾರ್ಥಿಗಳು ಕೇಳಲಿ: ಯಾರಿಂದ? ಎಷ್ಟು ಕಾಲ?